ಗಾಳಿ ಸೋಕಿದೆ ಎನ್ನುವ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ



ಪ್ರತಿ ಸಲ ನಾವು ಉಳಿತಾಯ, ಸಾಲ, ಕಂತು ಅಂತ ಮಾತಾಡುತ್ತೇವೆ. ಈ ಸಲ ಆರೋಗ್ಯದ ಒಂದು ವಿಷಯ ಮಾತಾಡೋಣ. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ನಾವು ಭೇಟಿ ಕೊಡುತ್ತಿದ್ದ ಒಂದು ಸಂಘದಲ್ಲಿ ಐವತ್ತು ದಾಟಿದ ಅಕ್ಕ ಒಬ್ಬರು ಎಂಟು ವರ್ಷದಿಂದ ಲೆಕ್ಕ ಬರೆಯುತ್ತಿದ್ದರು. ಒಂದು ರೂಪಾಯಿ ಆಚೀಚೆ ಆದದ್ದಿಲ್ಲ. ಅಂಥವರು ಒಂದು ಬೇಸಿಗೆಯಲ್ಲಿ ಬದಲಾದರು. "ಪುಸ್ತಕದಲ್ಲಿ ನನ್ನ ಸಹಿ ಬೇರೆ ಯಾರೋ ಹಾಕಿದ್ದಾರೆ" ಅಂದರು. ಸಭೆಯಲ್ಲಿ ಕೊಟ್ಟ ಟೀ ಕುಡಿಯದೆ ಚೆಲ್ಲಿ, "ಇದರಲ್ಲಿ ಏನೋ ಹಾಕಿದ್ದೀರಿ" ಅಂದರು. ರಾತ್ರಿ ಮನೆಯ ಹಿಂದೆ ಹೆಂಗಸರು ನಿಂತು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದು ಗಂಡನ ಹತ್ತಿರ ಹೇಳಿದರು. ಸಂಘದವರಿಗೆ ಸಿಟ್ಟು ಬಂತು. "ದುಡ್ಡು ತಿಂದಿರಬೇಕು, ಮುಚ್ಚಿಡೋಕೆ ಈ ನಾಟಕ" ಅಂದರು ಕೆಲವರು. "ಗಾಳಿ ಸೋಕಿದೆ" ಅಂದರು ಇನ್ನು ಕೆಲವರು. ಲೆಕ್ಕ ತೆಗೆದು ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಆದರೂ ಪುಸ್ತಕ ಅವರ ಕೈಯಿಂದ ತೆಗೆದುಕೊಂಡರು. ಅವರು ಸಭೆಗೆ ಬರುವುದನ್ನೇ ಬಿಟ್ಟರು.

ನಾವು ಏನು ಮಾಡಿದೆವು? ಎರಡು ಸಲ ಹೋಗಿ, ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ನೋಡಿದೆವು. ವರದಿಯಲ್ಲಿ "ಸದಸ್ಯರ ನಡುವೆ ಭಿನ್ನಾಭಿಪ್ರಾಯ" ಎಂದು ಬರೆದೆವು. ಸಮಾಜಕಾರ್ಯ ಓದಿದವರು ನಾವು. ಆದರೂ ಆ ಅಕ್ಕನ ಮುಖ ಊದಿದ್ದು, ದನಿ ಗೊಗ್ಗರಾಗಿದ್ದು, ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂತಿದ್ದು ನಮ್ಮ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬರಲಿಲ್ಲ. ಅದನ್ನು ಗಮನಿಸಿದವರು ಆ ಊರಿನ ಆರೋಗ್ಯ ಸಹಾಯಕಿ. "ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ" ಅಂದರು. ಮಾಡಿಸಿದರೆ ಥೈರಾಯ್ಡ್ ರಸ ತೀರಾ ಕಡಿಮೆ ಇತ್ತು. ಮಾತ್ರೆ ಶುರುವಾಯಿತು. ವಾರಗಳು ಕಳೆದ ಹಾಗೆ ದನಿಗಳು ನಿಂತವು, ಅನುಮಾನ ಕರಗಿತು. ಆದರೆ ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದುಹೋಗಿತ್ತು.

ಆ ಒಂಬತ್ತು ತಿಂಗಳು ಇನ್ನೊಬ್ಬರ ಬಾಳಿನಲ್ಲಿ ಹಾಳಾಗಬಾರದು. ಅದಕ್ಕೇ ಈ ಬರಹ.

ಅನುಮಾನ ಮತ್ತು ಭ್ರಮೆ ಎಂದರೇನು?

ಅನುಮಾನ ಯಾರಿಗೆ ಬರುವುದಿಲ್ಲ ಹೇಳಿ? ಪಕ್ಕದ ಮನೆಯವಳು ಮುಖ ತಿರುಗಿಸಿದರೆ "ನನ್ನ ಮೇಲೆ ಏನೋ ಕೋಪ" ಅನಿಸುತ್ತದೆ. ಇದು ಕಾಯಿಲೆ ಅಲ್ಲ. ಆದರೆ ಯಾವ ಆಧಾರವೂ ಇಲ್ಲದೆ "ನನಗೆ ವಿಷ ಹಾಕುತ್ತಾರೆ", "ನನ್ನನ್ನು ಹಿಂಬಾಲಿಸುತ್ತಾರೆ", "ಎಲ್ಲರೂ ಸೇರಿ ನನ್ನನ್ನು ಮುಗಿಸುತ್ತಾರೆ" ಎಂಬ ನಂಬಿಕೆ ಗಟ್ಟಿಯಾಗಿ ಕೂತು, ಎಷ್ಟು ತಿಳಿಸಿ ಹೇಳಿದರೂ ಹೋಗದಿದ್ದರೆ ಅದು ಕಾಯಿಲೆಯ ಲಕ್ಷಣ.

ಎರಡನೆಯದು, ಇಲ್ಲದ್ದು ಇದ್ದ ಹಾಗೆ ತೋರುವುದು. ಯಾರೂ ಇಲ್ಲದಾಗ ದನಿ ಕೇಳಬಹುದು. ಗೋಡೆಯ ಮೇಲೆ ಹಾವು, ಹುಳ, ಸತ್ತವರು ಕಾಣಬಹುದು. ಸುಟ್ಟ ವಾಸನೆ ಬರಬಹುದು. ಮೈಮೇಲೆ ಇರುವೆ ಹರಿದ ಹಾಗೆ ಆಗಬಹುದು. ಇದಕ್ಕೆ ಭ್ರಮೆ ಎನ್ನುತ್ತೇವೆ.

ಒಂದು ಮಾತು ನೆನಪಿಡಿ. ಅವರು ಸುಳ್ಳು ಹೇಳುತ್ತಿಲ್ಲ, ನಾಟಕ ಆಡುತ್ತಿಲ್ಲ. ನಮಗೆ ಈ ಕಾಗದ ಎಷ್ಟು ನಿಜವೋ ಅವರಿಗೆ ಆ ಹಾವು ಅಷ್ಟೇ ನಿಜ.

ಇದು ಹೇಗಾಗುತ್ತದೆ? ಮನೆಯಲ್ಲಿ ಕರೆಂಟು ಏರಿಳಿತ ಆದಾಗ ಟಿವಿಯಲ್ಲಿ ಚಿತ್ರ ಅಲ್ಲಾಡುತ್ತದೆ, ಗೆರೆ ಗೆರೆ ಬರುತ್ತದೆ. ಟಿವಿ ಕೆಟ್ಟಿಲ್ಲ, ಬರುವ ಕರೆಂಟು ಸರಿ ಇಲ್ಲ. ನಮ್ಮ ಮಿದುಳೂ ಹಾಗೆಯೇ. ಅದಕ್ಕೆ ಸಕ್ಕರೆ, ಆಮ್ಲಜನಕ, ನೀರು, ಉಪ್ಪಿನಂಶ, ವಿಟಮಿನ್, ಥೈರಾಯ್ಡ್ ರಸ ಎಲ್ಲವೂ ಹದವಾಗಿ ಸಿಗುತ್ತಿರಬೇಕು. ಹದ ತಪ್ಪಿದರೆ, ಅಥವಾ ಸೋಂಕಿನ ವಿಷ, ಮದ್ಯ, ಔಷಧಿ ಮಿದುಳಿಗೆ ತಾಗಿದರೆ, ಕಣ್ಣು ಕಿವಿಗಳ ಸುದ್ದಿಯನ್ನು ಮಿದುಳು ತಪ್ಪು ತಪ್ಪಾಗಿ ಓದುತ್ತದೆ. ಆಗ ಸರಿಪಡಿಸಬೇಕಾದದ್ದು ಆ ಮೂಲ ಕಾರಣವನ್ನು.

ದೇಹದ ಕಾಯಿಲೆ ಇರಬಹುದು ಎಂದು ಹೇಗೆ ಗೊತ್ತಾಗುತ್ತದೆ?

ಕೆಳಗಿನವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ತಡ ಮಾಡಬೇಡಿ.

1. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದವರು ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಬದಲಾಗಿದ್ದರೆ.
2. ಬೆಳಿಗ್ಗೆ ಸರಿ ಇದ್ದು, ಸಂಜೆ ರಾತ್ರಿ ಜಾಸ್ತಿಯಾಗುತ್ತಿದ್ದರೆ.
3. ಇವತ್ತು ಯಾವ ದಿನ, ತಾನು ಎಲ್ಲಿದ್ದೇನೆ ಎಂಬುದು ಗೊತ್ತಾಗದಿದ್ದರೆ, ಮಾತಿನ ಮಧ್ಯೆ ಗಮನ ಹರಿದುಹೋಗುತ್ತಿದ್ದರೆ.
4. ದನಿಗಿಂತ ಹೆಚ್ಚಾಗಿ ಕಣ್ಣಿಗೆ ಏನೇನೋ ಕಾಣುತ್ತಿದ್ದರೆ, ವಾಸನೆ ಬರುತ್ತಿದ್ದರೆ, ಮೈಮೇಲೆ ಹುಳ ಹರಿದ ಹಾಗೆ ಆಗುತ್ತಿದ್ದರೆ.
5. ಜ್ವರ, ತಲೆನೋವು, ವಾಂತಿ, ಫಿಟ್ಸ್, ಕೈಕಾಲಿನ ಶಕ್ತಿ ಕುಂದುವುದು, ನಡಿಗೆ ತಪ್ಪುವುದು ಜೊತೆಗಿದ್ದರೆ.
6. ಹಿಂದೆಂದೂ ಇಲ್ಲದೆ ನಲವತ್ತು ಐವತ್ತು ದಾಟಿದ ಮೇಲೆ ಮೊದಲ ಸಲ ಬಂದಿದ್ದರೆ.
7. ಹೊಸ ಔಷಧಿ ಶುರು ಮಾಡಿದ ಮೇಲೆ, ಕುಡಿತ ಬಿಟ್ಟ ಮೇಲೆ, ತಲೆಗೆ ಪೆಟ್ಟು ಬಿದ್ದ ಮೇಲೆ, ಹೆರಿಗೆಯಾದ ಮೇಲೆ ಬಂದಿದ್ದರೆ.

ಈಗ ಕಾರಣಗಳನ್ನು ಒಂದೊಂದಾಗಿ ನೋಡೋಣ. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಕಂಡದ್ದು ಇದರಲ್ಲಿ ಇದೆಯಾ ಅಂತ ನೋಡಿ.

ಜ್ವರ ಮತ್ತು ಸೋಂಕು

ನಮ್ಮ ಹಿರಿಯರು "ಸನ್ನಿ ಹಿಡಿದಿದೆ" ಎನ್ನುತ್ತಿದ್ದರು. ಜ್ವರದ ತಾಪದಲ್ಲಿ ಬಡಬಡಿಸುವುದು, ಹಾಸಿಗೆ ಕೀಳುವುದು, ಇಲ್ಲದವರನ್ನು ಕರೆಯುವುದು. ಹೆಸರು ಹಳೆಯದಾದರೂ ಅವರು ಕಂಡದ್ದು ನಿಜವಾದ ಕಾಯಿಲೆಯನ್ನೇ. ಮಲೇರಿಯಾ, ಟೈಫಾಯ್ಡ್, ನ್ಯುಮೋನಿಯಾ, ಮಿದುಳು ಜ್ವರ ಇವೆಲ್ಲದರಲ್ಲೂ ಸನ್ನಿ ಬರಬಹುದು.

ಮಲೆನಾಡಿನ ಅಕ್ಕಂದಿರಿಗೆ ಮಂಗನ ಕಾಯಿಲೆ ಗೊತ್ತೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಉಣ್ಣೆ ಹುಳ ಕಚ್ಚಿ ಬರುವಂಥದ್ದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ಜ್ವರ ಬರುತ್ತದೆ. ಆ ಎರಡನೆಯ ಸುತ್ತಿನಲ್ಲಿ ತೀವ್ರ ತಲೆನೋವು, ನಡುಕ, ಮನಸ್ಸಿನ ಗೊಂದಲ ಕಾಣಿಸಬಹುದು. "ಜ್ವರ ಬಿಟ್ಟಿತಲ್ಲ, ಇದು ಬೇರೆ ಏನೋ" ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು.

ವಯಸ್ಸಾದವರಲ್ಲಿ ಇನ್ನೊಂದು ಮೋಸ ಇದೆ. ಅವರಿಗೆ ಮೂತ್ರದ ಸೋಂಕೋ ಎದೆಯ ಸೋಂಕೋ ಆದರೂ ಜ್ವರ ಕಾಣದೇ ಇರಬಹುದು. ಮೊದಲು ಕಾಣುವುದೇ ಗೊಂದಲ. ಅಜ್ಜಿ ಇದ್ದಕ್ಕಿದ್ದ ಹಾಗೆ "ಮನೆ ತುಂಬಾ ಜನ ಬಂದಿದ್ದಾರೆ, ಓಡಿಸಿ" ಅಂದರೆ "ವಯಸ್ಸಾಯ್ತು, ಅರಳು ಮರಳು" ಎಂದು ಸುಮ್ಮನಾಗಬೇಡಿ. ಮೂತ್ರ ಪರೀಕ್ಷೆ ಮಾಡಿಸಿ. ನೀರು ಸಾಕಷ್ಟು ಕುಡಿಯುತ್ತಿದ್ದಾರಾ, ಮೂತ್ರ ಕಟ್ಟಿದೆಯಾ, ಮಲಬದ್ಧತೆ ಇದೆಯಾ ನೋಡಿ.

ಮನೆಯಲ್ಲಿ ಯಾರಿಗಾದರೂ ನಾಯಿ ಕಚ್ಚಿದ್ದರೆ, ತಿಂಗಳುಗಳ ಹಿಂದಿನದಾದರೂ ಸರಿ, ಡಾಕ್ಟರಿಗೆ ತಪ್ಪದೆ ಹೇಳಿ. ರೇಬೀಸ್ ಶುರುವಾದ ಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಕಚ್ಚಿದ ದಿನವೇ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಚುಚ್ಚುಮದ್ದು ಹಾಕಿಸುವುದೊಂದೇ ದಾರಿ.

ಸಕ್ಕರೆ, ಉಪ್ಪಿನಂಶ, ಲಿವರ್, ಕಿಡ್ನಿ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು, ಉಪವಾಸ ಇದ್ದರೆ ಅಥವಾ ಊಟ ತಡವಾದರೆ, ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಸಿಡಿಮಿಡಿ, ಹೊಡೆಯಲು ಬರುವುದು, ಏನೇನೋ ಮಾತಾಡುವುದು. ನೋಡಿದವರು "ಕುಡಿದಿದ್ದಾನೆ" ಎಂದುಕೊಳ್ಳುತ್ತಾರೆ. ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ರಕ್ತದಲ್ಲಿ ಸೋಡಿಯಂ ಎಂಬ ಉಪ್ಪಿನಂಶ 135ರಿಂದ 145ರವರೆಗೆ ಇರಬೇಕು. ವಾಂತಿ ಬೇಧಿಯಾದಾಗ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದ, ಅದರಲ್ಲೂ ವಯಸ್ಸಾದವರಲ್ಲಿ, ಇದು ಇಳಿಯುತ್ತದೆ. ಆಗ ಮಂಕು, ಗೊಂದಲ, ಭ್ರಮೆ, ಕೆಲವೊಮ್ಮೆ ಫಿಟ್ಸ್. ಇದನ್ನು ಆಸ್ಪತ್ರೆಯಲ್ಲಿ ಅಳೆದು ನಿಧಾನವಾಗಿ ಏರಿಸಬೇಕು. ಮನೆಯಲ್ಲಿ ಉಪ್ಪು ನೀರು ಕುಡಿಸಿ ಸರಿ ಮಾಡಲು ಹೋಗಬೇಡಿ.

ಲಿವರ್ ಕೆಟ್ಟವರು ಹಗಲು ನಿದ್ದೆ, ರಾತ್ರಿ ಎಚ್ಚರ ಎಂದು ತಿರುಗುಮುರುಗಾಗಿ, ಆಮೇಲೆ ಗೊಂದಲಕ್ಕೆ ಬೀಳುತ್ತಾರೆ. ಕಿಡ್ನಿ ಸೋತಾಗಲೂ ಹೀಗಾಗಬಹುದು.

ಥೈರಾಯ್ಡ್ ಮತ್ತು ಬಿ12

ನಮ್ಮ ಆ ಅಕ್ಕನಿಗೆ ಆದದ್ದು ಇದೇ. ಸುಸ್ತು, ತೂಕ ಏರುವುದು, ಚಳಿ ತಡೆಯದಿರುವುದು, ಕೂದಲು ಉದುರುವುದು, ಚರ್ಮ ಒರಟಾಗುವುದು, ಮುಖ ಊದುವುದು, ದನಿ ಗೊಗ್ಗರಾಗುವುದು, ಮುಟ್ಟಿನಲ್ಲಿ ಹೆಚ್ಚು ಹೋಗುವುದು. ಇವು ಥೈರಾಯ್ಡ್ ಕಡಿಮೆಯಾದ ಗುರುತುಗಳು. ಹೆಂಗಸರಲ್ಲೇ ಇದು ಜಾಸ್ತಿ. ತುಂಬಾ ಕಡಿಮೆಯಾಗಿ ಬಹಳ ದಿನ ಹಾಗೇ ಬಿಟ್ಟರೆ ಕೆಲವರಲ್ಲಿ ಅನುಮಾನ, ಭ್ರಮೆ ಬರುತ್ತದೆ. 1949ರಲ್ಲಿಯೇ ಇಂಗ್ಲೆಂಡಿನ ಡಾ. ರಿಚರ್ಡ್ ಆಶರ್ ಎಂಬವರು ಇಂಥ 14 ರೋಗಿಗಳ ಬಗ್ಗೆ ಬರೆದರು. ಥೈರಾಯ್ಡ್ ಔಷಧಿ ಕೊಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಥೈರಾಯ್ಡ್ ತೀರಾ ಜಾಸ್ತಿಯಾದರೂ ಮನಸ್ಸು ಕೆಡಬಹುದು. ಆಗ ಎದೆಬಡಿತ, ನಡುಕ, ತೂಕ ಇಳಿಯುವುದು ಜೊತೆಗಿರುತ್ತದೆ. ಟಿಎಸ್‌ಎಚ್ ಎಂಬ ಒಂದು ರಕ್ತ ಪರೀಕ್ಷೆಯಿಂದ ವಿಷಯ ಗೊತ್ತಾಗುತ್ತದೆ.

ವಿಟಮಿನ್ ಬಿ12 ನಮಗೆ ಹಾಲು, ಮೊಟ್ಟೆ, ಮೀನು, ಮಾಂಸದಿಂದ ಬರುತ್ತದೆ. ಬರೀ ಸೊಪ್ಪು ಕಾಳು ತಿನ್ನುವವರಲ್ಲಿ, ಹೊಟ್ಟೆಯ ಕಾಯಿಲೆ ಇರುವವರಲ್ಲಿ ಇದು ಕಡಿಮೆಯಾಗಬಹುದು. ಅಂಗಾಲು ಜುಮುಗುಡುವುದು, ನಾಲಿಗೆ ಕೆಂಪಾಗಿ ಉರಿಯುವುದು, ಮರೆವು, ನಡಿಗೆ ತೂರಾಡುವುದು, ಕೆಲವರಲ್ಲಿ ಸಂಶಯ. ಬಿ12 ಇಂಜೆಕ್ಷನ್ ದುಬಾರಿ ಏನಲ್ಲ. ಆದರೆ ತಡ ಮಾಡಿದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗದೇ ಇರಬಹುದು.

ಕುಡಿತ ಒಮ್ಮೆಲೇ ನಿಲ್ಲಿಸಿದಾಗ

ಇದನ್ನು ದಯವಿಟ್ಟು ಎರಡು ಸಲ ಓದಿ. ಗಂಡನ ಕುಡಿತ ಬಿಡಿಸಲು ನಾವೆಲ್ಲ ಹೋರಾಡುತ್ತೇವೆ, ಆಣೆ ಹಾಕಿಸುತ್ತೇವೆ, ವ್ರತ ಹಿಡಿಸುತ್ತೇವೆ. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಅಪಾಯ. 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು, ನಿದ್ದೆಗೇಡು. ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದಲ್ಲಿ ಕೆಲವರಿಗೆ ತೀವ್ರ ಸನ್ನಿ ಬರುತ್ತದೆ. ಗೋಡೆಯ ಮೇಲೆ ಹುಳ, ಹಾವು ಕಾಣುತ್ತದೆ, ಪೊಲೀಸರು ಬಂದರು ಎಂದು ಓಡುತ್ತಾರೆ, ಮೈ ಕೆಂಡದಂತಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

"ದೇವರ ಮೇಲೆ ಆಣೆ ಹಾಕಿ ಬಿಟ್ಟ, ದೇವರೇ ಕೋಪಿಸಿಕೊಂಡು ಹೀಗೆ ಮಾಡಿತು" ಎಂದು ಒಂದು ಮನೆಯವರು ನಮ್ಮ ಹತ್ತಿರ ಹೇಳಿದ್ದರು. ದೇವರ ಕೋಪ ಅಲ್ಲ ತಾಯೀ. ಮದ್ಯಕ್ಕೆ ಒಗ್ಗಿಹೋದ ಮಿದುಳು ಅದು ಸಿಗದೆ ಕೆರಳಿದ್ದು. ಹಾಗಂತ ಮತ್ತೆ ಕುಡಿಸುತ್ತಾ ಹೋಗಿ ಎಂದಲ್ಲ. ಹೆಚ್ಚು ಕುಡಿಯುವವರನ್ನು ಡಾಕ್ಟರ ಸಲಹೆಯಲ್ಲಿ ಬಿಡಿಸಿ. ಅವರು ನಡುಕ ತಡೆಯುವ ಮಾತ್ರೆ, ಥಯಮಿನ್ ಎಂಬ ಬಿ1 ಇಂಜೆಕ್ಷನ್ ಕೊಟ್ಟು ಸುರಕ್ಷಿತವಾಗಿ ದಾಟಿಸುತ್ತಾರೆ. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿಸಿದಾಗಲೂ "ಇವರು ದಿನಾ ಕುಡಿಯುತ್ತಾರೆ" ಎಂದು ನಾಚದೆ ಹೇಳಿ. ಗೊತ್ತಾಗದ ಹಾಗೆ ಊಟದಲ್ಲಿ ಹಾಕುವ "ಕುಡಿತ ಬಿಡಿಸುವ ಪುಡಿ" ಮಾತ್ರ ಬೇಡವೇ ಬೇಡ. ಅದರಲ್ಲಿ ಏನಿದೆ ಎಂದು ನಿಮಗೂ ಗೊತ್ತಿರುವುದಿಲ್ಲ. ಅದರಿಂದಲೇ ಪ್ರಾಣಕ್ಕೆ ಅಪಾಯ ಆಗಬಹುದು.

ಬಾಣಂತಿ ಸನ್ನಿ

ಹೆರಿಗೆಯಾದ ಮೇಲೆ ಸ್ವಲ್ಪ ಅಳು, ಬೇಸರ ಬಹಳ ಜನರಿಗೆ ಬಂದು ಹೋಗುತ್ತದೆ. ಬಾಣಂತಿ ಸನ್ನಿ ಅದಲ್ಲ. ಸಾವಿರ ಹೆರಿಗೆಯಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ ಬರುತ್ತದೆ. ನಿದ್ದೆಯೇ ಇಲ್ಲ. "ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ" ಎನ್ನುವುದು, ಅತ್ತೆ ವಿಷ ಹಾಕುತ್ತಾರೆ ಎನ್ನುವುದು, ಮಗುವನ್ನು ಸಾಯಿಸು ಎಂದು ದನಿ ಹೇಳುತ್ತದೆ ಎನ್ನುವುದು. ಇದು ತುರ್ತು. ತಾಯಿ ಮಗು ಇಬ್ಬರನ್ನೂ ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಇದರ ಹಿಂದೆ ಹೆರಿಗೆಯ ನಂಜು, ಥೈರಾಯ್ಡ್, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಇರಬಹುದು. ಜ್ವರ, ಜೋರು ತಲೆನೋವು, ಫಿಟ್ಸ್ ಇದ್ದರೆ ಇನ್ನೂ ಎಚ್ಚರ. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಅದನ್ನು ಬಿಡಿ.

ಚಿಕಿತ್ಸೆ ಸಿಕ್ಕರೆ ಈ ತಾಯಂದಿರು ಚೆನ್ನಾಗಿ ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗವೂ ಇದೆ. ದಯವಿಟ್ಟು ಆಕೆಯನ್ನು "ಮಗು ಸಾಕಲು ಲಾಯಕ್ಕಿಲ್ಲ" ಎಂದು ತವರಿಗೆ ಅಟ್ಟಬೇಡಿ.

ಔಷಧಿ, ದತ್ತೂರಿ

ಉಬ್ಬಸಕ್ಕೆ, ಕೀಲುನೋವಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆ, ಕೈನಡುಕದ ಕಾಯಿಲೆಯಾದ ಪಾರ್ಕಿನ್‌ಸನ್‌ಗೆ ಕೊಡುವ ಮಾತ್ರೆ, ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್, ಇವು ಕೆಲವರಲ್ಲಿ ಭ್ರಮೆ ತರಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಕ್ಷಯದ ಔಷಧಿ ಅರ್ಧಕ್ಕೆ ಬಿಟ್ಟರೆ ಕಾಯಿಲೆ ಬಲಿಯುತ್ತದೆ. ಸ್ಟಿರಾಯ್ಡ್ ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಮಾತ್ರೆಯ ಚೀಟಿ ಸಮೇತ ಡಾಕ್ಟರ ಹತ್ತಿರ ಹೋಗಿ, ಅವರು ಬದಲಿಸುತ್ತಾರೆ.

ಉಮ್ಮತ್ತಿ ಎಂದೂ ಕರೆಯುವ ದತ್ತೂರಿಯ ಬೀಜ, ಎಲೆ ಮನೆಮದ್ದಿನಲ್ಲಿ ಬಳಸುವವರಿದ್ದಾರೆ, ಮಕ್ಕಳು ಆಡುತ್ತಾ ತಿನ್ನುವುದೂ ಉಂಟು. ಬಾಯಿ ಒಣಗುವುದು, ಕಣ್ಣಿನ ಪಾಪೆ ಅಗಲವಾಗುವುದು, ಮೈ ಬಿಸಿಯಾಗಿ ಕೆಂಪಾಗುವುದು, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುವುದು ಇದರ ಗುರುತು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗಾಂಜಾದಿಂದಲೂ ಹುಡುಗರಲ್ಲಿ ಸಂಶಯ, ಭ್ರಮೆ ಬರುತ್ತದೆ.

ಫಿಟ್ಸ್, ಕಣ್ಣು, ಮರೆವು

ಕೆಲವು ಬಗೆಯ ಫಿಟ್ಸ್‌ನಲ್ಲಿ ಮೈ ನಡುಗುವುದೇ ಇಲ್ಲ. ಒಂದೆರಡು ನಿಮಿಷ ಸುಟ್ಟ ವಾಸನೆ, ಹೊಟ್ಟೆಯಿಂದ ಏಳುವ ಭಯ, ನೋಟ ನೆಟ್ಟು ಕೂರುವುದು, ಬಾಯಿ ಚಪ್ಪರಿಸುವುದು. ಪ್ರತಿ ಸಲವೂ ಒಂದೇ ತರಹ ಬಂದು ಹೋದರೆ ಫಿಟ್ಸ್ ಇರಬಹುದು. ಮೇಲಿಂದ ಮೇಲೆ ಫಿಟ್ಸ್ ಬಂದ ಒಂದೆರಡು ದಿನದ ಮೇಲೆ ಅನುಮಾನ, ಭ್ರಮೆ ಶುರುವಾಗುವುದೂ ಇದೆ.

ಕಣ್ಣಿನ ಪೊರೆ ಬಂದು ದೃಷ್ಟಿ ಕುಂದಿದ ಅಜ್ಜಿಗೆ ಮಕ್ಕಳು, ಹೂವು, ಮೆರವಣಿಗೆ ಕಾಣಬಹುದು. ಅದು ನಿಜ ಅಲ್ಲ ಎಂದು ಅವರಿಗೇ ಗೊತ್ತಿರುತ್ತದೆ, ಹುಚ್ಚು ಅಂತಾರೆ ಎಂದು ಹೆದರಿ ಹೇಳುವುದಿಲ್ಲ. 1760ರಲ್ಲಿ ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಎಂಬ ವಿಜ್ಞಾನಿ ತನ್ನ ಅಜ್ಜನಿಗೆ ಹೀಗಾದದ್ದನ್ನು ಬರೆದಿಟ್ಟರು. ಇದಕ್ಕೆ ಇಂದಿಗೂ ಅವರದೇ ಹೆಸರು. ಅಜ್ಜಿಗೆ ಧೈರ್ಯ ಹೇಳಿ, ಕಣ್ಣಿನ ಪರೀಕ್ಷೆ ಮಾಡಿಸಿ.

ಇನ್ನು ಮರೆವಿನ ಕಾಯಿಲೆ. ಅತ್ತೆ ಓಲೆಯನ್ನು ಎಲ್ಲೋ ಇಟ್ಟು ಮರೆತು "ಸೊಸೆ ಕದ್ದಳು" ಅನ್ನುತ್ತಾರೆ. ಇದರಿಂದ ಎಷ್ಟು ಮನೆ ಒಡೆದಿದೆಯೋ! 1901ರಲ್ಲಿ ಜರ್ಮನಿಯ ಡಾ. ಆಲ್ಝೈಮರ್ ನೋಡಿದ ಮೊದಲ ರೋಗಿ 51 ವರ್ಷದ ಒಬ್ಬ ಹೆಂಗಸು. ಅವರಲ್ಲಿ ಮೊದಲು ಕಂಡದ್ದು ಗಂಡನ ಮೇಲಿನ ಸಂಶಯವೇ. ಆದ್ದರಿಂದ ಸೊಸೆಯಂದಿರೇ, ಆ ಮಾತು ನಿಮ್ಮ ಅತ್ತೆಯದಲ್ಲ, ಕಾಯಿಲೆಯದು. ಅತ್ತೆಯಂದಿರ ಮಕ್ಕಳೇ, ಅಮ್ಮನ ಮಾತು ಕೇಳಿ ಹೆಂಡತಿಯನ್ನು ಹೊಡೆಯುವ ಮೊದಲು ಅಮ್ಮನನ್ನು ಡಾಕ್ಟರಿಗೆ ತೋರಿಸಿ.

ವಯಸ್ಸಿನ ಹುಡುಗಿಯರಲ್ಲಿ ಅಪರೂಪಕ್ಕೆ ಕಾಣುವ ಇನ್ನೊಂದು ಕಾಯಿಲೆಯನ್ನು 2007ರಲ್ಲಿ ಗುರುತಿಸಿದರು. ದೇಹದ ರಕ್ಷಣಾ ಶಕ್ತಿಯೇ ತಪ್ಪಿ ಮಿದುಳಿನ ಮೇಲೆ ತಿರುಗಿ ಬೀಳುವುದು. ಕೆಲವರಲ್ಲಿ ಅಂಡಾಶಯದ ಗಡ್ಡೆಯಿಂದ ಶುರುವಾಗುತ್ತದೆ. ಮೊದಲು ತಲೆನೋವು ಜ್ವರ, ಆಮೇಲೆ ಭಯ, ದನಿಗಳು, ಆಮೇಲೆ ಫಿಟ್ಸ್, ಬಾಯಿ ಸೊಟ್ಟಗೆ ಆಡುವುದು, ಮಾತು ನಿಲ್ಲುವುದು. "ಮೈಮೇಲೆ ಬಂದಿದೆ" ಎಂದು ವಾರಗಟ್ಟಲೆ ಅಲೆದಾಡಿದರೆ ಜೀವಕ್ಕೆ ಕುತ್ತು. ಬೇಗ ಚಿಕಿತ್ಸೆ ಸಿಕ್ಕರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ.

ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು?

- "ಏನೂ ಇಲ್ಲ, ಸುಳ್ಳು ಹೇಳ್ತೀಯಾ" ಎಂದು ವಾದ ಮಾಡಬೇಡಿ. "ಹೌದು, ಹಾವು ಇದೆ" ಎಂದು ಹೂಂ ಗುಟ್ಟಲೂ ಬೇಡಿ. "ನನಗೆ ಕಾಣ್ತಿಲ್ಲ, ಆದರೆ ನಿಮಗೆ ಭಯ ಆಗಿದೆ ಅಂತ ಗೊತ್ತಾಗ್ತಿದೆ, ನಾನು ಜೊತೆಗಿದ್ದೇನೆ" ಎನ್ನಿ.
- ಒಬ್ಬರೇ ನಿಧಾನವಾಗಿ ಮಾತಾಡಿ. ಊರೆಲ್ಲ ಸೇರಿ ನೋಡುವುದು ಬೇಡ.
- ರಾತ್ರಿ ಸಣ್ಣ ದೀಪ ಇರಲಿ. ಕನ್ನಡಕ, ಕಿವಿಯ ಮೆಷಿನ್ ಹಾಕಿಸಿ.
- ಕತ್ತಿ, ಹಗ್ಗ, ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗದ ಕಡೆ ಇಡಿ.
- ಹೊಡೆಯುವುದು, ಬರೆ ಹಾಕುವುದು, ಹೊಗೆ ಹಾಕುವುದು, ಸರಪಳಿ ಬಿಗಿಯುವುದು ಬೇಡವೇ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಓಡಲಾರದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಪ್ರಾರ್ಥನೆ, ಹರಕೆ ಬೇಡ ಎಂದು ನಾವು ಹೇಳುವುದಿಲ್ಲ. ನಾವೂ ಪ್ರಾರ್ಥಿಸುವವರೇ. ಆದರೆ ಪ್ರಾರ್ಥನೆಗೆ ಹೋಗುವುದು ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬಾರದು.

ಆಸ್ಪತ್ರೆಗೆ ಹೋಗುವಾಗ

ಜ್ವರ, ಫಿಟ್ಸ್, ಎಚ್ಚರ ತಪ್ಪುವುದು, ಬಾಣಂತಿ, ಕುಡಿತ ಬಿಟ್ಟವರು, ವಿಷ ತಿಂದವರು ಎಂದಾದರೆ 108ಕ್ಕೆ ಫೋನ್ ಮಾಡಿ. ಉಳಿದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಆದಷ್ಟು ಬೇಗ ಕರೆದೊಯ್ಯಿರಿ. ತಿನ್ನುತ್ತಿರುವ ಎಲ್ಲ ಮಾತ್ರೆ, ನಾಟಿ ಔಷಧಿ ಸಹ, ಒಂದು ಚೀಲಕ್ಕೆ ಹಾಕಿಕೊಳ್ಳಿ. ಯಾವತ್ತು ಶುರುವಾಯಿತು, ಮೊದಲು ಏನಾಯಿತು, ಹಗಲು ಹೇಗೆ ರಾತ್ರಿ ಹೇಗೆ, ಕುಡಿತ ಇದೆಯಾ, ಪೆಟ್ಟು ಬಿದ್ದಿತ್ತಾ, ಕಡೆಯ ಮುಟ್ಟು ಯಾವಾಗ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಡಾಕ್ಟರನ್ನು ಕೇಳಿ: "ಸಕ್ಕರೆ, ಸೋಡಿಯಂ, ಥೈರಾಯ್ಡ್, ಬಿ12, ಲಿವರ್, ಕಿಡ್ನಿ, ಮೂತ್ರ ಪರೀಕ್ಷೆ ಬೇಕಾ ಸರ್? ತಲೆ ಸ್ಕ್ಯಾನ್ ಬೇಕಾ?" ಕೇಳುವುದು ನಿಮ್ಮ ಹಕ್ಕು.

ಎಲ್ಲ ಪರೀಕ್ಷೆಯೂ ಸರಿ ಬಂದರೆ? ಆಗ ಮನಸ್ಸಿನ ಕಾಯಿಲೆ ಇರಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ. ದೇಹದ ಕಾಯಿಲೆ ಮರ್ಯಾದೆಯದು, ಮನಸ್ಸಿನ ಕಾಯಿಲೆ ಮರ್ಯಾದೆಗೇಡು ಎಂಬ ಲೆಕ್ಕ ಬೇಡ. ಎರಡಕ್ಕೂ ಔಷಧಿ ಇದೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ಮಾಡಲಾಗಿದೆ. ನಿಮ್ಮ ತಾಲ್ಲೂಕಿಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಳ್ಳಿ. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸಂಘದಲ್ಲಿ ನಾವು ಏನು ಮಾಡಬಹುದು?

ಮನೆಯವರಿಗಿಂತ ಮೊದಲು ಬದಲಾವಣೆ ಗೊತ್ತಾಗುವುದು ಕೆಲವೊಮ್ಮೆ ಸಂಘಕ್ಕೆ. ಪ್ರತಿ ವಾರ ನೋಡುವವರು ನೀವು. ಒಬ್ಬ ಸದಸ್ಯೆ ಬದಲಾದಾಗ ಅವರನ್ನು ತೆಗೆಯುವ ಠರಾವು ಮಾಡುವ ಮೊದಲು, ಇಬ್ಬರು ಅವರ ಮನೆಗೆ ಹೋಗಿ ಬನ್ನಿ. ಪರೀಕ್ಷೆಯ ಖರ್ಚಿಗೆ ಸಂಘದ ಉಳಿತಾಯದಿಂದ ತುರ್ತು ಸಾಲ ಕೊಡುವ ನಿಯಮ ಮಾಡಿಕೊಳ್ಳಿ. ಕಾಯಿಲೆಯ ಸಮಯದಲ್ಲಿ ಕಂತಿಗೆ ವಾಯಿದೆ ಕೊಡಿ. ಲೆಕ್ಕದ ಪುಸ್ತಕ ತಾತ್ಕಾಲಿಕವಾಗಿ ಬೇರೆಯವರು ಬರೆದರೆ "ಹುಷಾರಾಗುವ ತನಕ" ಎಂದು ನಡವಳಿ ಪುಸ್ತಕದಲ್ಲಿ ಬರೆದಿಡಿ. ಹೇಳಿದ ಗುಟ್ಟು ಸಭೆಯಿಂದ ಆಚೆ ಹೋಗದಿರಲಿ.

ಆ ಅಕ್ಕ ಈಗ ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಸಂಘಕ್ಕೂ ವಾಪಸ್ ಬಂದಿದ್ದಾರೆ. ಆದರೆ ಲೆಕ್ಕದ ಪುಸ್ತಕ ಮತ್ತೆ ಮುಟ್ಟಲು ಒಪ್ಪಲಿಲ್ಲ. ನಾವು ಬಲವಂತ ಮಾಡಿದಾಗ ಹೇಳಿದರು: "ಬೇಡ ಸಿಸ್ಟರ್. ಅವತ್ತು ನೀವೆಲ್ಲ ಲೆಕ್ಕ ತೋರಿಸು ಅಂದ್ರಿ. ಒಬ್ಬರಾದ್ರೂ ಯಾಕಕ್ಕ, ಹುಷಾರಿಲ್ವಾ ಅಂತ ಕೇಳಲಿಲ್ಲ."

ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಸಂಘದಲ್ಲಿ ಮಾತ್ರ ಯಾರೂ ಈ ಮಾತು ಹೇಳುವ ಹಾಗೆ ಆಗದಿರಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ "ಗಾಳಿ ಸೋಕಿದೆ", "ಹುಚ್ಚು" ಎಂದು ಬಿಟ್ಟವರು ಯಾರಾದರೂ ಇದ್ದಾರಾ? ಅವರಿಗೆ ಒಮ್ಮೆಯಾದರೂ ರಕ್ತ ಪರೀಕ್ಷೆ ಆಗಿದೆಯಾ?
2. ಕುಡಿತ ಬಿಡಿಸುವಾಗ ಡಾಕ್ಟರ ಸಹಾಯ ಏಕೆ ಬೇಕು?
3. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ? ಕೇಳಿಕೊಂಡು ಬರುವ ಜವಾಬ್ದಾರಿ ಯಾರದು?
4. ಆರೋಗ್ಯಕ್ಕಾಗಿ ತುರ್ತು ಸಾಲದ ನಿಯಮ ನಮ್ಮ ಸಂಘದಲ್ಲಿ ಇದೆಯಾ? ಇಲ್ಲದಿದ್ದರೆ ಇವತ್ತೇ ಬರೆಯೋಣವಾ?